ಟೈಲರಮ್ಮನ ಮಗಳ ಹೊಟ್ಟೆನೋವು

ಟೈಲರಮ್ಮನ ಅಂಗಡಿಯಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿತ್ತು. ಹೊಲಿದ ಬಟ್ಟೆಯನ್ನು ಅಲ್ಲೇ ತೊಟ್ಟು, ಕೈ ಎತ್ತಿ, ಬಗ್ಗಿ, ಕೂತು ನೋಡಬೇಕು. ಎಲ್ಲಾದರೂ ಬಿಗಿಯಾದರೆ ಬಾಯಿಬಿಟ್ಟು ಹೇಳಬೇಕು. "ಪರವಾಗಿಲ್ಲ, ಅಡ್ಜಸ್ಟ್ ಮಾಡ್ಕೋತೀನಿ" ಅಂದವರಿಗೆ ಬೈಗುಳವೇ ಗತಿ. "ಬಟ್ಟೆ ಮೈಗೆ ಹೊಂದಬೇಕು, ಮೈ ಬಟ್ಟೆಗಲ್ಲ" ಎನ್ನುತ್ತ ಅವಳು ಹೊಲಿಗೆ ಬಿಚ್ಚಲು ಕೂತುಬಿಡುತ್ತಿದ್ದಳು.

ಊರಿಗೆಲ್ಲ ಇಷ್ಟು ಹೇಳುವವಳು ಸ್ವಂತ ಮಗಳ ವಿಷಯದಲ್ಲಿ ಮಾತ್ರ ಎಡವಿದ್ದಳು. ದೀಪದ ಬುಡದಲ್ಲೇ ಕತ್ತಲೆ ಅಂತಾರಲ್ಲ, ಹಾಗೆ.

ಮಗಳು ಎಲೆಕ್ಟ್ರಿಷಿಯನ್ ತರಬೇತಿಗೆ ಹೋಗುತ್ತಿದ್ದಳು. ಮನೆಯ ಸ್ವಿಚ್ಚುಗಳೆಲ್ಲ ಒಂದೊಂದು ಸಲ ಅವಳ ಕೈಗೆ ಸಿಕ್ಕಿ ಬಿಚ್ಚಿಸಿಕೊಂಡವೇ. ಆದರೆ ಪ್ರತಿ ತಿಂಗಳು ಮುಟ್ಟು ಬಂದಾಗ ಹುಡುಗಿ ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ ಬಿಸಿನೀರಿನ ಚೀಲ ಅವುಚಿಕೊಂಡು ಮುದುಡಿ ಮಲಗುವಳು. ವಾಂತಿ, ಸುಸ್ತು. ಕಕ್ಕಸಿಗೆ ಹೋದರೂ ಕಣ್ಣಲ್ಲಿ ನೀರು. ತಾಯಿಗೆ ತೋಚಿದ ಮದ್ದು ಒಂದೇ: ಮಗಳ ಪ್ಯಾಂಟುಗಳ ಸೊಂಟವನ್ನೆಲ್ಲ ಬಿಚ್ಚಿ, ಸಡಿಲ ಎಲಾಸ್ಟಿಕ್ ಹಾಕಿಕೊಟ್ಟಳು. ಹುಡುಗಿ ಒಂದು ಕೈಯಲ್ಲಿ ಪ್ಯಾಂಟು ಹಿಡಿದುಕೊಂಡು ಓಡಾಡುವಂತಾಯಿತೇ ಹೊರತು ನೋವು ಕದಲಲಿಲ್ಲ.

ಒಂದು ದಿನ ಆಸ್ಪತ್ರೆಯ ನರ್ಸಮ್ಮ ತನ್ನ ಹೊಸ ಯೂನಿಫಾರ್ಮ್ ತೊಟ್ಟು ನೋಡಲು ಬಂದಾಗ ಮೇಜಿನ ಕೆಳಗಿಂದ ನರಳುವ ಸದ್ದು ಕೇಳಿಸಿತು.

"ಯಾರದು?"

"ನಮ್ಮ ಹುಡುಗಿ. ತಿಂಗಳ ಹೊಟ್ಟೆನೋವು," ಅಂದಳು ಟೈಲರಮ್ಮ. "ನಾನೂ ಹೀಗೇ ಒದ್ದಾಡಿದವಳು. ಹಲ್ಲು ಕಚ್ಕೊಂಡಿರು, ಮದುವೆ ಆದ್ಮೇಲೆ ಸರಿಹೋಗುತ್ತೆ ಅಂತಿದ್ರು ನಮ್ಮಮ್ಮ."

"ಸರಿಹೋಯ್ತಾ ಅಕ್ಕಾ?"

ಟೈಲರಮ್ಮ ಸೂಜಿಗೆ ದಾರ ಪೋಣಿಸತೊಡಗಿದಳು.

"ಅಮ್ಮ," ಮಗಳು ಕೆಳಗಿಂದಲೇ ಹೇಳಿದಳು, "ನಾನಿನ್ನು ಕ್ಲಾಸಿಗೆ ಹೋಗಲ್ಲ. ನಿನ್ನೆ ಏಣಿ ಮೇಲಿದ್ದಾಗ ಕಣ್ಣು ಕತ್ತಲೆ ಬಂತು. ಎಲ್ಲರೂ ಕೆಲಸಗಳ್ಳಿ ಅಂತ ನಕ್ಕರು. ಬಿಟ್ಟುಬಿಡ್ತೀನಿ."

ನರ್ಸಮ್ಮ ಬಟ್ಟೆ ಚೂರುಗಳ ನಡುವೆ ನೆಲದ ಮೇಲೆಯೇ ಕೂತಳು. "ಸ್ವಲ್ಪ ನೋವು ಬರೋದು ಬೇರೆ, ಪುಟ್ಟಿ. ಏಳೋಕೂ ಆಗದ ಹಾಗೆ ಬಂದ್ರೆ ತೋರಿಸಲೇಬೇಕು. ಎಂಡೊಮೆಟ್ರಿಯೋಸಿಸ್ ಅಂತ ಒಂದು ಕಾಯಿಲೆ ಇದೆ. ಗರ್ಭಕೋಶದ ಒಳಗಿರೋ ಪದರದಂಥದ್ದೇ ಗರ್ಭಕೋಶದ ಹೊರಗಡೆನೂ ಬೆಳೆಯುತ್ತೆ. ಅದರಿಂದ ಇಂಥ ನೋವು, ಸುಸ್ತು ಎಲ್ಲಾ ಬರುತ್ತೆ. ಅದು ಯಾರ ತಪ್ಪೂ ಅಲ್ಲ, ಮದುವೆ ಅದಕ್ಕೆ ಮದ್ದೂ ಅಲ್ಲ. ನಿನಗೆ ಅದೇನಾ ಅಂತ ಡಾಕ್ಟರ್ ನೋಡಿ ಹೇಳ್ಬೇಕು."

"ಮದುವೆ ಆಗದ ಹುಡುಗೀನ ಹೆಂಗಸರ ಡಾಕ್ಟರ್ ಹತ್ರ ಕರ್ಕೊಂಡು ಹೋದ್ರೆ ನಾಲ್ಕು ಜನ ಏನಂದಾರು?" ಅಂದಳು ಟೈಲರಮ್ಮ.

ನರ್ಸಮ್ಮ ಬೆಣ್ಣೆಯಿಂದ ಕೂದಲು ತೆಗೆದಷ್ಟು ನಾಜೂಕಾಗಿ ಹೇಳಿದಳು: "ಅಕ್ಕಾ, ನನ್ನ ತೋಳು ಒಂಚೂರು ಬಿಗಿಯಾದ್ರೂ ಬಾಯಿಬಿಟ್ಟು ಹೇಳಿ ಅಂತೀರಿ. ಇವಳಿಗೆ ಮಾತ್ರ ಹಲ್ಲು ಕಚ್ಕೋ ಅಂತೀರಲ್ಲ."

ಟೈಲರಮ್ಮನ ಕೈ ನಿಂತಿತು. ತನ್ನ ಅಮ್ಮನನ್ನು ಬೈಯಲು ಅವಳಿಗೆ ಮನಸ್ಸು ಬರಲಿಲ್ಲ. ಪಾಪ, ಆ ತಾಯಿಗೂ ಯಾರೂ ಹೇಳಿರಲಿಲ್ಲ. ಅಳು ಬಂತು, ಅತ್ತಳು. ಆಮೇಲೆ ಮೂಗು ಒರೆಸಿಕೊಂಡು ಅಂಗಡಿ ಬಾಗಿಲು ಹಾಕಿ, ಮಗಳನ್ನು ಎಬ್ಬಿಸಿಕೊಂಡು ಹೊರಟಳು.

ಆಸ್ಪತ್ರೆಯಲ್ಲಿ ಡಾಕ್ಟರ್ ಎಲ್ಲಿ ನೋವು, ಯಾವಾಗ, ಕೂತಾಗಲಾ, ಬಗ್ಗಿದಾಗಲಾ ಎಂದು ಕೇಳಿದರು. "ಏನೋ ಸ್ವಲ್ಪ ಹೊಟ್ಟೆನೋವು..." ಎಂದು ರೂಢಿಯಂತೆ ಶುರು ಮಾಡಿದ ಟೈಲರಮ್ಮ ನಾಲಿಗೆ ಕಚ್ಚಿಕೊಂಡಳು. "ನೀನೇ ಹೇಳು ಪುಟ್ಟಿ. ಏನೂ ಬಿಡಬೇಡ."

ಪುಟ್ಟಿ ಏನನ್ನೂ ಬಿಡದೆ ಹೇಳಿದಳು. ಸ್ಕ್ಯಾನಿನಲ್ಲಿ ಏನೂ ಕಾಣಲಿಲ್ಲ. "ಹಾಗಾದ್ರೆ ಏನೂ ಇಲ್ವಾ?" ಎಂದು ತಾಯಿ ಕೇಳಿದಳು.

"ಸ್ಕ್ಯಾನಲ್ಲಿ ಕಾಣದೇನೂ ಇರಬಹುದಮ್ಮ," ಅಂದರು ಡಾಕ್ಟರ್. "ಇವಳು ಹೇಳಿದ್ದು ಕೇಳಿದ್ರೆ ಎಂಡೊಮೆಟ್ರಿಯೋಸಿಸ್ ಅನ್ಸುತ್ತೆ. ಚಿಕಿತ್ಸೆ ಶುರು ಮಾಡೋಣ. ಪೂರ್ತಿ ಹೋಗುತ್ತೆ ಅಂತ ಮಾತು ಕೊಡಲ್ಲ, ನೋವನ್ನ ಹತೋಟಿಗೆ ತರಬಹುದು."

ಮೊದಲ ಮಾತ್ರೆ ಹಿಡಿಸಲಿಲ್ಲ, ಡಾಕ್ಟರ್ ಬದಲಿಸಿಕೊಟ್ಟರು. ಈಗಲೂ ಒಮ್ಮೊಮ್ಮೆ ನೋವು ಬರುತ್ತದೆ, ಆದರೆ ಹುಡುಗಿ ಮೇಜಿನ ಕೆಳಗೆ ಸೇರುವುದಿಲ್ಲ. ಕ್ಲಾಸು ಬಿಡಲಿಲ್ಲ. ಪ್ಯಾಂಟಿನ ಎಲಾಸ್ಟಿಕ್ಕುಗಳನ್ನೂ ಅಮ್ಮ ಮತ್ತೆ ಸರಿಮಾಡಿಕೊಟ್ಟಳು.

ಮೊನ್ನೆ ಮಗಳು ಏಣಿ ಹತ್ತಿ ಅಂಗಡಿಗೆ ಹೊಸ ದೀಪ ಹಾಕುತ್ತಿದ್ದಳು. ಕೆಳಗೆ ಏಣಿ ಹಿಡಿದು ನಿಂತ ಟೈಲರಮ್ಮನ ಇನ್ನೊಂದು ಕೈ ತನ್ನದೇ ಕಿಬ್ಬೊಟ್ಟೆಯನ್ನು ಒತ್ತಿಕೊಂಡಿತ್ತು. ಮೇಲಿಂದ ಅದು ಮಗಳ ಕಣ್ಣಿಗೆ ಬಿತ್ತು.

"ಅಮ್ಮ, ನಿನಗೆಲ್ಲಿ ನೋವು? ಅಡ್ಜಸ್ಟ್ ಮಾಡ್ಕೋತೀನಿ ಅನ್ನಬೇಡ."

ಮರುದಿನ ಅಂಗಡಿಗೆ ಬೀಗ. ಈ ಸಲ ಮಗಳೇ ಅಮ್ಮನ ಕೈ ಹಿಡಿದು ಆಸ್ಪತ್ರೆಗೆ ಕರೆದುಕೊಂಡು ಹೋದಳು.

ಇದನ್ನು ಕೇಳುತ್ತಿರುವ ತಂಗೀ, ನಿನ್ನ ನೋವು ನೆಪವಲ್ಲ. ಓದು, ಕೆಲಸ, ನಿದ್ದೆ ಕೆಡಿಸುವಷ್ಟು ಮುಟ್ಟಿನ ನೋವಿದ್ದರೆ ಅಮ್ಮನಿಗೋ ಅಕ್ಕನಿಗೋ ಟೀಚರಿಗೋ ಹೇಳು. ಒಬ್ಬರು "ಇದೆಲ್ಲಾ ಮಾಮೂಲು" ಅಂದರೆ ಇನ್ನೊಬ್ಬರಿಗೆ ಹೇಳು. ಹೆತ್ತವರೇ, ಮಗಳು ನೋವು ಅಂದಾಗ ನಂಬಿ. ಆಸ್ಪತ್ರೆಗೆ ಅವಳ ಜೊತೆ ಹೋಗಿ, ಅಲ್ಲಿ ಅವಳನ್ನೇ ಮಾತಾಡಲು ಬಿಡಿ.