ಸೋಮಮ್ಮ ಕೇಳಿದ ಒಣದಾರಿ

ಹೊಗೆಸೊಪ್ಪಿನ ಹಸಿ ಎಲೆ ಕಟ್ಟಲು ಕೂತವರಿಗೆ ಹಾಡುಹಗಲೇ ಕನಸು ಬೀಳುತ್ತದೆ. ಸುಳ್ಳಲ್ಲ, ಬೇಕಾದರೆ ಕಂಪಲಾಪುರದ ಸುತ್ತಿನ ಯಾವ ಹೆಂಗಸನ್ನಾದರೂ ಕೇಳಿ ನೋಡಿ. ಎಲೆಯ ಅಂಟು ಅಂಗೈಗೆ ಹತ್ತಿ, ಅದರ ನಂಜು ಮೆಲ್ಲಮೆಲ್ಲಗೆ ನೆತ್ತಿಗೇರಿ, ಮಧ್ಯಾಹ್ನದ ಹೊತ್ತಿಗೆ ಎದುರಿಗೆ ಕೂತವರ ಮುಖವೇ ಅಲ್ಲಾಡತೊಡಗುತ್ತದೆ. ಕೆಲವರು ಎದ್ದು ಹೋಗಿ ವಾಂತಿ ಮಾಡಿಕೊಂಡು ಬರುತ್ತಾರೆ. ರಾಣಿಗೆ ಮಾತ್ರ ಕನಸು.

ತೊಂಬತ್ತೆಂಟರ ಶ್ರಾವಣದಲ್ಲಿ ಅವಳ ಕನಸಿಗೆ ಬರುತ್ತಿದ್ದವಳು ಅವಳ ಅವ್ವ ಸೋಮಮ್ಮ. ಕಾಯಿಲೆಯ ಅವ್ವ ಅಲ್ಲ, ಹದಿನೆಂಟರ ಹುಡುಗಿ. ತವರೂರು ಮಿರ್ಲೆಯ ಗದ್ದೆಬಯಲಲ್ಲಿ ಮಂಜು ಸೀಳಿಕೊಂಡು ನಡೆಯುತ್ತಿದ್ದಾಳೆ. ರಾಣಿ ಎಷ್ಟು ಬೇಗ ಹೆಜ್ಜೆ ಹಾಕಿದರೂ ಮಾರು ದೂರ ಮುಂದೆಯೇ ಇರುತ್ತಾಳೆ. ‘ಅವ್ವಾ’ ಎಂದು ಕೂಗಬೇಕು ಅನ್ನುವಷ್ಟರಲ್ಲಿ ಪಕ್ಕದಲ್ಲಿ ಎಲೆ ಕಟ್ಟುತ್ತಿದ್ದ ಚಿಕ್ಕಬೀರಮ್ಮ ಮೊಣಕೈಯಲ್ಲಿ ತಿವಿಯುತ್ತಿದ್ದಳು.

“ಏನಮ್ಮೀ ಮೆಂಬರಮ್ಮ, ಕೂತಲ್ಲೇ ಗೊರಕೆಯಾ? ಪಂಚಾಯ್ತೀಲೂ ಇಂಗೇ ನಿದ್ದೆ ಹೊಡ್ದೀಯೇನೋ!”

ತಮಾಷೆಯ ಮಾತೇ ಸರಿ. ಆದರೆ ರಾಣಿಗೆ ಚುರುಕ್ ಅನ್ನಿಸುತ್ತಿತ್ತು. ಯಾಕೆಂದರೆ ಪಂಚಾಯಿತಿಯಲ್ಲಿ ಅವಳು ಮಾಡಿದ್ದೂ ಅದನ್ನೇ.

ಅವಳನ್ನು ಮೆಂಬರು ಮಾಡಿದವನು ತಮ್ಮ ಮಾದೇಶ. ಅವ್ವ ಕೂಲಿಗೆ ಹೋದಾಗ ರಾಣಿಯೇ ಕಂಕುಳಲ್ಲಿ ಹೊತ್ತು ಬೆಳೆಸಿದ ಹುಡುಗ, ಈಗ ದಲಿತ ಸಂಘದ ಲೀಡರು. ನೀಲಿ ಶಾಲು, ಇಸ್ತ್ರಿ ಮಾಡಿದ ಬಿಳಿ ಅಂಗಿ. ಪಿರಿಯಾಪಟ್ಟಣದ ಕಚೇರಿಗೆ ಅವನು ಕಾಲಿಟ್ಟರೆ ಗುಮಾಸ್ತರು ಕುರ್ಚಿ ಎಳೆದು ಕೊಡುತ್ತಿದ್ದರು. ಅವರಿಬ್ಬರ ಅಪ್ಪನಿಗೆ ಅದೇ ಕಚೇರಿಯ ಮೆಟ್ಟಿಲ ಮೇಲೂ ಜಾಗ ಇರಲಿಲ್ಲ ಅನ್ನುವುದನ್ನು ನೆನೆದಾಗ ರಾಣಿಯ ಎದೆ ಉಬ್ಬುತ್ತಿತ್ತು. ಹೆಂಗಸರ ಮೀಸಲು ಬಂದಾಗ “ಅಕ್ಕ, ನೀನು ನಿಲ್ಲು” ಅಂದ, ನಿಂತಳು. “ಇಲ್ಲೊಂದು ಸೈನ್ ಹಾಕು” ಅಂದ, ಹಾಕಿದಳು. ಓದಲು ಬಾರದವಳೇನಲ್ಲ, ಏಳನೇ ಕ್ಲಾಸು ಪಾಸು. ತಮ್ಮ ತಂದ ಕಾಗದವನ್ನು ಯಾರು ಓದುತ್ತಾರೆ ಹೇಳಿ!

ಇನ್ನು ನಾಲೆಯ ಕಥೆ ಹೇಳದಿದ್ದರೆ ಉಳಿದದ್ದು ಅರ್ಥವಾಗುವುದಿಲ್ಲ. ಕೇರಿಯ ಸುಡುಗಾಡು ಇರುವುದು ನಾಲೆಯ ಆಚೆ ದಡದಲ್ಲಿ. ನಾಲೆ ತೋಡಿದ ಪುಣ್ಯಾತ್ಮರು ಮೇಲಿನೂರಿನವರ ಗಾಡಿ ದಾಟಲೆಂದು ಸೇತುವೆ ಕಟ್ಟಿದರು, ಕೇರಿಯ ಹೆಣಗಳನ್ನು ಮರೆತರು. ಕೇರಿಯಿಂದ ಆ ಸೇತುವೆಗೆ ಹೋಗಬೇಕೆಂದರೆ ಮೇಲಿನೂರಿನ ನಿಂಗಯ್ಯನವರ ತೆಂಗಿನ ತೋಟದ ಮೇಲೆ ಹಾಯಬೇಕು. ನಿಂಗಯ್ಯನವರು ಕೇರಿಯವರನ್ನು ಕೂಲಿಗೆ ಕರೆಯುತ್ತಿದ್ದರೇ ಹೊರತು ಕೇರಿಯ ಚಟ್ಟವನ್ನು ತೋಟದೊಳಗೆ ಬಿಡುತ್ತಿರಲಿಲ್ಲ. ಬೇಸಿಗೆಯಲ್ಲಿ ಸತ್ತವರು ಅದೃಷ್ಟವಂತರು. ನಾಲೆಗೆ ನೀರು ಬಿಟ್ಟ ಮೇಲೆ ಸತ್ತರೆ ಎದೆಮಟ್ಟ ನೀರಲ್ಲಿ ಹೊತ್ತು ದಾಟಿಸಬೇಕು. ರಾಣಿಯ ಅಪ್ಪನನ್ನು ಹೊತ್ತಾಗ ಒಬ್ಬನ ಕಾಲು ಜಾರಿ ಚಟ್ಟ ವಾಲಿತು. ಹೆಣ ತೇಲಿ ಹೋಗಿ, ಕೂಗಳತೆ ದೂರದ ತೂಬಿನಲ್ಲಿ ಸಿಕ್ಕಿತು. ಅದನ್ನು ದಡದಿಂದ ನೋಡಿದ ಸೋಮಮ್ಮ ಅಂದಿನಿಂದ ಬೇಡುತ್ತಿದ್ದುದು ಒಂದೇ ವರ.

“ನನ್ನ ನೀರಿಗೆ ಆಕ್ಬ್ಯಾಡ ಕಣ್ ಮಗ. ಒಣಗಿರೋ ದಾರೀಲಿ ತಕ್ಕೋಗಿ ಮಣ್ಮಾಡು.”

“ಆಯ್ತು ಕಣವ್ವ,” ಎಂದು ರಾಣಿ ಅವಳ ಕೈಮುಟ್ಟಿ ಮಾತು ಕೊಟ್ಟಿದ್ದಳು. ಧೈರ್ಯವಾಗಿಯೇ ಕೊಟ್ಟಿದ್ದಳು, ಯಾಕೆಂದರೆ ಹಿಂದಿನ ವರ್ಷ ಇಡೀ ಕೇರಿ ಮಾರಿಗುಡಿಯ ಮುಂದೆ ಕೈ ಎತ್ತಿ, ಬರುವ ಸರ್ಕಾರಿ ಕಾಮಗಾರಿಯಲ್ಲಿ ಮೊದಲು ನಾಲೆಗೆ ಕಾಲುಸೇತುವೆ ಎಂದು ತೀರ್ಮಾನ ಮಾಡಿತ್ತು.

ಶ್ರಾವಣದಲ್ಲಿ ಗೊತ್ತಾಯಿತು, ಮಂಜೂರಾಗಿದ್ದು ಸೇತುವೆಯಲ್ಲ, ಮೇನ್ ರೋಡಿನ ಪಕ್ಕದಲ್ಲಿ ಅಂಬೇಡ್ಕರ್ ಭವನ. ಮಾದೇಶನೇ ಬದಲಾಯಿಸಿದ್ದ. ಬದಲಾಯಿಸಿದ ಕಾಗದದ ಬುಡದಲ್ಲಿ ರಾಣಿಯ ಸೈನು ದುಂಡಗೆ ಕೂತಿತ್ತು.

ಭಾನುವಾರ ಮಧ್ಯಾಹ್ನ ಕೇರಿ ಮತ್ತೆ ಮಾರಿಗುಡಿಯ ಮುಂದೆ ಸೇರಿತು. ಯಜಮಾನ ಮಂಚಯ್ಯ ಎದ್ದು ನಿಂತ. ಹರೆಯದಲ್ಲಿ ಮೇಲಿನೂರಿನವರ ಸಾವಿಗೆ ತಮಟೆ ಬಡಿಯುವುದಿಲ್ಲ ಎಂದು ನೆಲಕ್ಕೆ ಎಸೆದು, ಆರು ತಿಂಗಳು ಕೂಲಿ ಇಲ್ಲದೆ ಗೆಡ್ಡೆಗೆಣಸು ತಿಂದು ಬದುಕಿದ ಮುದುಕ. ಮಾದೇಶನಿಗೆ ಹೋರಾಟದ ಅ ಆ ಇ ಈ ಕಲಿಸಿದವನೂ ಅವನೇ.

“ಭವನ ಬ್ಯಾಡ ಅಂದೋರು ಯಾರ್ಲಾ ಮಾದೇಶ? ನಾವು ಸೇತುವೆಗೆ ಅಂತ ಕೈ ಎತ್ತಿದ್ದು. ನಮ್ಮುನ್ನ ಒಂದ್ಮಾತು ಕೇಳ್ದೆ ಅದು ಭವನ ಆಗಿದ್ದೆಂಗೆ, ಅದ್ನೇಳು.”

“ಮಾವ, ಸತ್ತೋರಿಗೆ ದಾರಿ ಮಾಡ್ತಾ ಕೂತ್ರೆ ಬದುಕಿರೋರು ರೋಡಿಗೆ ಬರೋದು ಯಾವಾಗ?” ಎಂದ ಮಾದೇಶ. “ಬಸ್ಸಲ್ಲಿ ಹೋಗೋ ಪ್ರತಿಯೊಬ್ಬನ ಕಣ್ಣಿಗೂ ನಮ್ಮ ಕಟ್ಟಡ ಬೀಳ್ಬೇಕು. ನಮ್ಮ ಐಕಳು ಅಲ್ಲಿ ಫ್ಯಾನ್ ಕೆಳಗೆ ಕೂತು ಓದ್ಬೇಕು. ಛತ್ರ ಕೊಡಕಿಲ್ಲ ಅಂದೋರ ಎದುರ್ಗೇ ನಮ್ಮ ಮದುವೆ ನಡೀಬೇಕು.”

ಅದೇನು ಸುಳ್ಳು ಮಾತೇ? ಹುಡುಗರು ಚಪ್ಪಾಳೆ ತಟ್ಟಿದರು. ರಾಣಿಗೂ ಒಂದು ಗಳಿಗೆ ಆ ಕಟ್ಟಡ ಬಿಸಿಲಲ್ಲಿ ಬೆಳ್ಳಗೆ ಎದ್ದು ನಿಂತಂತೆ ಕಂಡಿತು.

“ಸರಿ ಕಣಪ್ಪ. ಅದ್ನೇ ಬಂದು ನಮ್ಗೇಳಿ, ಒಪ್ಪುಸಿ, ಆಮ್ಯಾಕೆ ತಿದ್ಬೇಕಾಗಿತ್ತು,” ಎಂದ ಮಂಚಯ್ಯ.

“ಲೀಡರ್ ಅಂದ್ಮೇಲೆ ಕೆಲವು ತೀರ್ಮಾನ ಒಬ್ನೇ ತಕ್ಕಬೇಕಾಯ್ತದೆ. ನಮ್ನಮ್ಮಲ್ಲೇ ಕಿತ್ತಾಡಿದ್ರೆ ನಗೋರು ಮೇಲಿನೋರು. ಅಲ್ಲಾ ಮಾವ, ಮೂವತ್ತು ವರ್ಷ ಯಜಮಾನಿಕೆ ಮಾಡ್ದಲ್ಲಾ, ನೀನ್ಯಾರಿಗೆ ಉತ್ತರ ಕೊಟ್ಟಿದ್ದೆ?”

ಮೂವತ್ತು ವರ್ಷದಲ್ಲಿ ಮುದುಕನನ್ನು ಕೇಳಿದವರೂ ಇರಲಿಲ್ಲ, ಕೇಳಲು ಅವನು ಬಿಟ್ಟೂ ಇರಲಿಲ್ಲ. ಅವನು ಮೆಲ್ಲಗೆ ಹೆಂಗಸರ ಕಡೆ ತಿರುಗಿದ.

“ರಾಣವ್ವ, ಸೈನು ನಿಂದು. ನೀನೇಳು.”

ರಾಣಿ ತಮ್ಮನನ್ನು ನೋಡಿದಳು. ಅವನು ಅವಳನ್ನು ನೋಡಲಿಲ್ಲ, ಅಕ್ಕ ಬಾಯಿ ಬಿಡುವುದಿಲ್ಲ ಎಂಬುದು ಅವನಿಗೆ ಅಷ್ಟು ಖಾತ್ರಿ. “ನಂಗೆ ಸೊಪ್ಪಿನ ನಂಜು, ತಲೆ ಸುತ್ತುತದೆ,” ಎಂದು ಸೆರಗು ಕೊಡವಿ ಎದ್ದು ನಡೆದಳು. ಥೂ, ಅದೂ ಒಂದು ಉತ್ತರವೇ! ಮನೆ ಮುಟ್ಟುವವರೆಗೂ ತನ್ನನ್ನು ತಾನೇ ಉಗಿದುಕೊಂಡಳು.

ಆಮೇಲಿನ ದಿನಗಳು ಜಡಿಮಳೆಯಲ್ಲಿ ಒಂದಕ್ಕೊಂದು ಕಲಸಿಕೊಂಡು ಹೋದವು. ಸೋಮಮ್ಮನಿಗೆ ಊಟ ಇಳಿಯುತ್ತಿರಲಿಲ್ಲ, ಮಾತು ಮಾತ್ರ ನಿಲ್ಲುತ್ತಿರಲಿಲ್ಲ. ಗೋಡೆಯ ಕಡೆ ಮುಖ ಮಾಡಿಕೊಂಡು ಯಾರೊಂದಿಗೋ ನಗುತ್ತಿದ್ದಳು. ಮಿರ್ಲೆಯ ಭತ್ತ ತೆನೆಗೆ ಬಂತಾ ಎಂದು ಕೇಳುತ್ತಿದ್ದಳು. ರಾಣಿಯನ್ನು ಒಮ್ಮೆ ತನ್ನ ಸತ್ತ ಅಕ್ಕ ಎಂದುಕೊಂಡಳು, ಒಮ್ಮೆ ತಾಯಿ ಎಂದುಕೊಂಡಳು. ದಿನವೆಲ್ಲ ಎಲೆ ಕಟ್ಟಿ ಬಂದು ಆ ಹಾಸಿಗೆಯ ಪಕ್ಕ ಒರಗಿದರೆ ರಾಣಿಗೂ ಯಾವುದು ಅವ್ವನ ಮಾತು, ಯಾವುದು ತನ್ನ ಕನಸು ಎಂದು ಬಿಡಿಸಿಕೊಳ್ಳಲು ಆಗುತ್ತಿರಲಿಲ್ಲ. ಹೊಗೆಸೊಪ್ಪು ಬೇಯಿಸುವ ಗೂಡಿನ, ಅಂದರೆ ಬ್ಯಾರನ್ನಿನ, ಸಿಹಿ ಘಾಟು ಮನೆಯೊಳಕ್ಕೆಲ್ಲ ತುಂಬಿತ್ತು. ಆ ಮಂಪರಿನಲ್ಲೂ ಅವ್ವ ಒಂದನ್ನು ಮರೆತಿರಲಿಲ್ಲ. ಹೊರಗೆ ಮಳೆಯ ಸದ್ದು ಜೋರಾದಾಗಲೆಲ್ಲ ಕಣ್ಣು ಬಿಟ್ಟು, “ಒಣದಾರಿ ಕಣ್ ಮಗ,” ಎನ್ನುತ್ತಿದ್ದಳು.

ಶುಕ್ರವಾರ ಬೆಳಿಗ್ಗೆ ರಾಣಿ ಮುದ್ದೆ ಕಿವುಚಿದ ಅಂಬಲಿ ತಂದಾಗ ಸೋಮಮ್ಮನಲ್ಲಿ ಜೀವ ಇರಲಿಲ್ಲ.

ನಾಲೆ ತುಂಬಿ ಹರಿಯುತ್ತಿತ್ತು. ಅಳುತ್ತ ಕೂತ ಅಕ್ಕನ ಬಳಿ ಮಾದೇಶ ಬಂದು ಕುಕ್ಕರಿಸಿದ. ಅವನ ಕಣ್ಣೂ ಕೆಂಪಾಗಿತ್ತು.

“ಅಳ್ಬ್ಯಾಡ ಕಣಕ್ಕ. ಅವ್ವ ನೆನೆಯಕ್ಕಿಲ್ಲ. ನಿಂಗಯ್ಯನೋರು ತೋಟದ ಮ್ಯಾಲೆ ಬುಡ್ತೀನಿ ಅಂದವ್ರೆ. ನಾನೇ ಹೋಗಿ ಮಾತಾಡ್ಕ ಬಂದಿವ್ನಿ.”

ರಾಣಿ ಅವನ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಳು. ಎಂಥ ತಮ್ಮ! ಅವ್ವನಿಗೆ ಕೊಟ್ಟ ಮಾತು ಉಳಿಯಿತು ಎಂದು ಅವಳ ಜೀವಕ್ಕೆ ಸಮಾಧಾನವಾಯಿತು.

ಮಧ್ಯಾಹ್ನ ಚಟ್ಟ ಹೊರಟಿತು. ಮಳೆ ಬಿಟ್ಟು ಹೊಳವಾಗಿ, ಹೊಲದ ಮೇಲೆ ತೆಳ್ಳಗೆ ಆವಿ ಏಳುತ್ತಿತ್ತು. ಮುಂದೆ ಬೆಂಕಿಮಡಕೆ ಹಿಡಿದ ಮಾದೇಶ, ಹಿಂದೆ ಇಡೀ ಕೇರಿ. ಎಡಕ್ಕೆ ನಾಲೆ, ಬಲಕ್ಕೆ ನಿಂಗಯ್ಯನವರ ತೋಟ, ಎರಡೂ ಒಡೆಯುವ ಕವಲಲ್ಲಿ ಚಟ್ಟವನ್ನು ಇಳಿಸಿದರು. ಅಲ್ಲಿ ಇಳಿಸಿ ತಲೆಯ ದಿಕ್ಕು ತಿರುಗಿಸುವುದು ಪದ್ಧತಿ. ಕೇರಿಗೆ ಇನ್ನೊಂದು ಪದ್ಧತಿಯೂ ಇತ್ತು. ಹೆಣ ಮತ್ತೆ ಎತ್ತುವ ಮುಂಚೆ ಯಜಮಾನ ಮೂರು ಸಲ ಕೂಗಬೇಕು. ಸತ್ತವರ ಮೇಲೋ ಸತ್ತವರ ಮನೆಯವರ ಮೇಲೋ ಯಾರದಾದರೂ ಮಾತು ಬಾಕಿ ಇದ್ದರೆ ಅಲ್ಲೇ ಆಡಿ ಮುಗಿಸಬೇಕು, ಉತ್ತರ ಸಿಗದೆ ಹೆಣ ಏಳುವಂತಿಲ್ಲ. ಯಾರೂ ಏನೂ ಆಡುತ್ತಿರಲಿಲ್ಲ ಅನ್ನಿ. ಹೆಣದ ಮುಂದೆ ಯಾರಿಗೆ ಬಾಯಿ ಬರುತ್ತದೆ?

“ಮಾತು ಉಳಿಸ್ಕಂಡೋರು ಯಾರಾರ ಔರಾ?” ಎಂದು ಮಂಚಯ್ಯ ಕೂಗಿದ.

ರಾಣಿ ತೋಟದ ಕಡೆ ನೋಡಿದಳು. ಬೇಲಿಯ ಗೇಟು ತೆರೆದಿತ್ತು. ಆಳೊಬ್ಬ ಬೀಗ ಹಿಡಿದುಕೊಂಡು ಕಾಯುತ್ತಿದ್ದ.

“ಬೀಗ ಯಾಕಪ್ಪ?” ಎಂದು ಅವಳು ಕೇಳಿದಳು.

“ನೀವು ದಾಟ್ಕಂಡ್ಮೇಲೆ ಆಕ್ಬೇಕು ಕಣಕ್ಕ. ಲೀಡರ್ ತಾಯಿಗೆ ಅಂತ ಇವತ್ತೊಂದಿನ ತಗ್ದದೆ.”

“ಮಾತು ಉಳಿಸ್ಕಂಡೋರು ಯಾರಾರ ಔರಾ?” ಎರಡನೇ ಕೂಗು.

ಹಿಂದಿನ ತಿಂಗಳಷ್ಟೇ ಚಿಕ್ಕಬೀರಮ್ಮನ ಗಂಡನನ್ನು ಇದೇ ಕವಲಿಂದ ಎಡಕ್ಕೆ, ನೀರಿಗೆ ಇಳಿಸಿದ್ದರು. ರಾಣಿ ತಿರುಗಿ ನೋಡಿದಳು. ಚಿಕ್ಕಬೀರಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು, “ಹೋಗ್ರವ್ವ, ತೋಟದ್ಮ್ಯಾಲೆ ಹೋಗ್ರಿ. ಸೋಮಕ್ಕನಾದ್ರೂ ಒಣಗಿರ್ಲಿ,” ಎಂದಳು. ಕುಹಕ ಇಲ್ಲ, ಹೊಟ್ಟೆಕಿಚ್ಚು ಇಲ್ಲ. ಆ ಒಳ್ಳೆಯತನವೇ ರಾಣಿಯನ್ನು ಸುಟ್ಟುಬಿಟ್ಟಿತು.

ಮೂರನೇ ಕೂಗಿಗೆ ಅವಳು ಮುಂದೆ ಬಂದಳು.

“ನಂದೈತೆ. ಮಾದೇಶ, ಈ ದಾರಿ ಕೇರಿಗಾ, ನಿನ್ನ ಅವ್ವಂಗಾ?”

“ಅಕ್ಕ, ಇದೇನಿದು ಇಂತಾ ಹೊತ್ನಲ್ಲಿ...”

“ಹೊತ್ತು ಇದೇಯಾ. ಕೇರಿಗಾ, ಅವ್ವಂಗಾ?”

“ಅವ್ವಂಗೆ,” ಎಂದ ಅವನು ಕೊನೆಗೆ, ಮಡಕೆಯ ಕಡೆ ನೋಡುತ್ತ. “ಇವತ್ತಿಗೆ ಮಾತ್ರ. ನನ್ನ ಮಖ ನೋಡಿ ಬುಟ್ಟವ್ರೆ.”

“ಅಂಗಾರೆ ಬ್ಯಾಡ. ಎಡಕ್ಕೆ ಎತ್ರಪ್ಪ.”

ಜನ ಗುಜುಗುಜು ಎಂದರು. ಮಂಚಯ್ಯನೇ ಹತ್ತಿರ ಬಂದು, “ಸತ್ತೋಳ ಆಸೆ ಕಣವ್ವ, ಹಟ ಬ್ಯಾಡ, ಹೋಗ್ಬುಡಿ,” ಎಂದು ಬೇಡಿದ.

“ಹೋಗ್ಬುಡಿ, ಇರ್ಲಿ ಬುಡಿ ಅಂತ ಅಂದೂ ಅಂದೇ ಮಾವ ನಾವು ಇಲ್ಗಂಟ ಬಂದಿರೋದು. ಇವತ್ತು ಈ ಗೇಟಲ್ಲಿ ನಾವು ನುಸುಳ್ಕಂಡ್ರೆ ಇನ್ನು ಸೇತುವೆ ಕೇಳೋ ಬಾಯಿ ನಮ್ಗೆಲ್ಲೈತೆ?”

ಮಾದೇಶ ಅವಳಿಗೆ ಅಡ್ಡ ಬಂದ. “ಅವ್ವನ ಕೈ ಮುಟ್ಟಿ ಮಾತು ಕೊಟ್ಟೋಳು ನೀನೇ ಕಣಕ್ಕ!”

“ಕೊಟ್ಟಿದ್ದೆ. ತಪ್ತಾ ಇವ್ನಿ. ಎಲ್ಲಾರೂ ಕೇಳುಸ್ಕಳಿ. ಸೇತುವೆ ತಗ್ದು ಭವನ ಮಾಡಿದ ಕಾಗ್ದಕ್ಕೆ ಓದ್ದೆ ಸೈನ್ ಹಾಕ್ದೋಳು ನಾನು. ಅವತ್ತು ಗುಡಿ ಮುಂದೆ ನಂಜು ಅಂತ ಸುಳ್ಳೇಳಿ ಎದ್ದೋದೋಳೂ ನಾನೇ. ನಂಜು ಇರ್ಲಿಲ್ಲ, ತಮ್ಮ ಅಂತ ಬಾಯ್ಮುಚ್ಕಂಡೆ.”

ಅಷ್ಟು ಹೇಳಿ ಅವಳು ಚಟ್ಟದ ಮುಂದಿನ ಬೊಂಬಿಗೆ ತಾನೇ ಹೆಗಲು ಕೊಟ್ಟಳು. ಹೆಂಗಸು ಚಟ್ಟ ಹೊರುವುದು ಅಲ್ಲಿ ಯಾರೂ ಕಂಡದ್ದಲ್ಲ. ಬೇಡ ಅನ್ನುವ ಧೈರ್ಯವೂ ಯಾರಿಗೂ ಬರಲಿಲ್ಲ. ಉಳಿದ ಮೂರು ಹೆಗಲು ತಾವಾಗಿಯೇ ಸೇರಿದವು. ಹೆಣ ಎಡಕ್ಕೆ ಹೊರಟಿತು.

ಮಾದೇಶ ಕವಲಲ್ಲೇ ನಿಂತಿದ್ದ. ಆಳು ಇನ್ನೂ ಗೇಟು ಹಿಡಿದುಕೊಂಡೇ ಇದ್ದ. ಲೀಡರು ಒಂದು ಸಲ ಆ ಕಡೆ ನೋಡಿದ, ಒಂದು ಸಲ ಅಕ್ಕನ ಬೆನ್ನು ನೋಡಿದ. ಆಮೇಲೆ ಚಪ್ಪಲಿ ಅಲ್ಲೇ ಬಿಟ್ಟು ಓಡಿ ಬಂದು, ಬೆಂಕಿಮಡಕೆಯನ್ನು ಮಂಚಯ್ಯನ ಕೈಗೆ ಕೊಟ್ಟು, ಅಕ್ಕನ ಪಕ್ಕದವನನ್ನು ಸರಿಸಿ ಆ ಬೊಂಬಿಗೆ ತಾನು ಹೆಗಲು ಹಾಕಿದ.

ನೀರು ಮೊದಲು ಮೊಣಕಾಲಿಗೆ, ಆಮೇಲೆ ಸೊಂಟಕ್ಕೆ, ಆಮೇಲೆ ಎದೆಗೆ ಬಂತು. ತಣ್ಣನೆಯ ಕೆಂಪು ನೀರು. ನಡುವಿಗೆ ಬಂದಾಗ ಸದ್ದೆಲ್ಲ ಅಡಗಿ, ದಡದ ಜನ ದೂರದ ಯಾವುದೋ ಊರಿನವರ ಹಾಗೆ ಮಸುಕಾಗಿ ಕಂಡರು. ಎಷ್ಟು ಎತ್ತಿ ಹಿಡಿದರೂ ಕುಳ್ಳಿ ರಾಣಿಯ ಕಡೆ ಚಟ್ಟ ತಗ್ಗಿತ್ತು. ಅಲೆಯೊಂದು ಬಂದು ಸೋಮಮ್ಮನ ಹೊಸ ಸೀರೆಯನ್ನು ಮುಟ್ಟಿತು, ಇನ್ನೊಂದು ಭುಜದವರೆಗೆ ಏರಿತು.

“ಅಕ್ಕಾ, ಅವ್ವ ನೆನೀತಾವ್ಳೆ,” ಎಂದು ಮಾದೇಶ ಬಿಕ್ಕಿದ.

“ಊಂ ಕಣಪ್ಪ,” ಎಂದಳು ರಾಣಿ, ಅಳುತ್ತಲೇ. “ನೆನೆಸ್ತಾ ಇರೋರು ನಾವೇಯಾ.”