ಎಂಜಲು ಲೆನ್ಸ್

ಲೆನ್ಸ್ ಡಬ್ಬಿಯ ಮುಚ್ಚಳ ತಿರುಗಿಸಿದ್ದೇ ತಡ, ಹೂದಾನಿಯಲ್ಲಿ ವಾರಗಟ್ಟಲೆ ನಿಂತ ನೀರಿನ ನಾತ ಮೂಗಿಗೆ ಹೊಡೆಯಿತು. ಒಳಗೋಡೆಗೆಲ್ಲ ಲೋಳೆ ಹಿಡಿದಿತ್ತು. ಹತ್ತಿಕಡ್ಡಿ ಆಡಿಸಿದರೆ ಎಳೆಎಳೆಯಾಗಿ ಮೇಲೆ ಬಂತು. ಆ ಕಣ್ಣಿನ ಕ್ಲಿನಿಕ್ಕಿನಲ್ಲಿ ಎಲ್ಲರೂ ಲೆನ್ಸ್ ಮೇಡಂ ಎಂದು ಕರೆಯುತ್ತಿದ್ದ ಆಕೆ ಹನ್ನೆರಡು ವರ್ಷದಿಂದ ಕೀವು, ಪಿಸುರು ಎಲ್ಲ ನೋಡಿದವಳು. ಆದರೂ ಡಬ್ಬಿಯನ್ನು ಮುಖದಿಂದ ದೂರ ಹಿಡಿದಳು.

ಎದುರಿನ ಎತ್ತರದ ಕುರ್ಚಿಯಲ್ಲಿ ಹತ್ತು ವರ್ಷದ ಹುಡುಗಿ ಕಾಲು ಇಳಿಬಿಟ್ಟು ಕೂತಿದ್ದಳು. ಎಡಗಣ್ಣು ಕೆಂಡದಂತಾಗಿತ್ತು. ಪಕ್ಕದಲ್ಲಿ ನಿಂತಿದ್ದವನು ಅವಳ ಅಪ್ಪ, ನೋಂದಣಿ ಕಚೇರಿಯ ಗುಮಾಸ್ತ.

ಈ ಹುಡುಗಿಗಾಗಿ ಆಕೆ ಪಟ್ಟ ಪಾಡು ಅಷ್ಟಿಷ್ಟಲ್ಲ. ಆರು ತಿಂಗಳಿಗೊಮ್ಮೆ ನಂಬರ್ ಏರುತ್ತಿತ್ತು, ಕನ್ನಡಕದ ಗಾಜು ದಪ್ಪವಾಗುತ್ತಿತ್ತು, ಶಾಲೆಯಲ್ಲಿ ‘ಸೋಡಾಬುಡ್ಡಿ’ ಎಂಬ ಹೆಸರು ಅಂಟಿಕೊಂಡಿತ್ತು. ಹಾಗೆ ಏರುವುದನ್ನು ನಿಧಾನ ಮಾಡುವ ಲೆನ್ಸುಗಳಿವೆ. ಆದರೆ ಇವಳ ಕಣ್ಣಿನ ಮೇಲ್ಮೈ ಅದುಮಿದ ಚೆಂಡಿನಂತೆ ಒಂದು ಕಡೆ ಸೊಟ್ಟ. ಸಿದ್ಧವಾಗಿ ಸಿಗುವ ಲೆನ್ಸ್ ಹಾಕಿದರೆ ಎಲ್ಲ ಮಸುಕು. ಅಳತೆ ಕೊಟ್ಟು ಬೇರೆಯೇ ಮಾಡಿಸಬೇಕು, ಅದು ರೆಪ್ಪೆ ಬಡಿದಾಗ ತಿರುಗದೆ ನಿಲ್ಲಬೇಕು. ಮೂರು ಜೊತೆ ತಿರುಗಿ ಕೈಕೊಟ್ಟ ಮೇಲೆ ನಾಲ್ಕನೆಯದು ಕದಲದೆ ಕೂತಿತ್ತು. ಇಡೀ ವರ್ಷದಲ್ಲಿ ನಂಬರ್ ಏರಿದ್ದು ಬರೀ ಕಾಲು.

“ದಿನಾ ತೊಳೀತೀರಾ?” ಎಂದು ಕೇಳಿದಳು.

“ದಿನಾ ಮೇಡಂ. ನಾನೇ ಹಾಕೋದು. ಬೇಕಾದ್ರೆ ನೋಡಿ,” ಎಂದವನೇ ಡಬ್ಬಿಯಿಂದ ಬಲಗಣ್ಣಿನ ಲೆನ್ಸನ್ನು ಬೆರಳ ತುದಿಯಲ್ಲಿ ಎತ್ತಿ, ನಾಲಿಗೆ ಚಾಚಿ, ನೆಕ್ಕಿದ. ಕಡತದ ಹಾಳೆ ಮಗುಚುವಾಗ ಬೆರಳು ನೆಕ್ಕುವಷ್ಟೇ ಸಲೀಸಾಗಿ. ಹಳದಿಗಟ್ಟಿದ ಆ ನಾಲಿಗೆಯ ಮೇಲೆ ಲೆನ್ಸ್ ಒಂದು ಕ್ಷಣ ಮಿನುಗಿತು. ಹುಡುಗಿ ರೂಢಿಯಂತೆ ಕತ್ತು ಹಿಂದಕ್ಕೆ ಚೆಲ್ಲಿ ಕಣ್ಣಗಲಿಸಿದಳು.

“ಇಡ್ರೀ ಅದನ್ನ ಕೆಳಗೆ!”

ಆಕೆಯ ದನಿ ಹೊರಗಿನವರೆಗೂ ಕೇಳಿಸಿತು. ಅಪ್ಪ ಬೆಚ್ಚಿದ. “ಯಾಕೆ ಮೇಡಂ? ಎಂಜಲು ಗಾಯಕ್ಕೂ ಒಳ್ಳೇದು ಅಂತಾರಪ್ಪ. ಆ ಬಾಟ್ಲಿ ದ್ರಾವಣ ಖಾಲಿಯಾಗಿ ಎರಡು ತಿಂಗಳಾಯ್ತು, ನಲ್ಲಿ ನೀರಲ್ಲೇ ನೆನೆ ಹಾಕ್ತೀವಿ. ನಾನೇನು ವಿಷ ಹಾಕಿದ್ನಾ?”

ಆಕೆ ಅವನನ್ನು ಹೊರಗೆ ಕಳಿಸಿ ಬಾಗಿಲು ಮುಚ್ಚಿದಳು.

“ನಿಂಗೆ ಗೊತ್ತಿತ್ತಾ, ಹೀಗೆ ಮಾಡಬಾರದು ಅಂತ?”

“ಗೊತ್ತಿರ್ಲಿಲ್ಲ ಆಂಟಿ. ಆದ್ರೆ ಅಸಹ್ಯ ಆಗ್ತಿತ್ತು. ಸಿಗರೇಟಿನ ವಾಸ್ನೆ ಬರುತ್ತೆ.”

“ಮತ್ತೆ ಹೇಳೋದಲ್ವಾ?”

“ಹೇಳಿದ್ರೆ ಅಪ್ಪ, ಅಷ್ಟು ನಾಜೂಕಾದ್ರೆ ಬಿಡು, ಕನ್ನಡಕಾನೇ ಹಾಕ್ಕೋ ಅಂತಾರೆ. ಅದಕ್ಕೆ ನೋವು ಬಂದಾಗ್ಲೂ ಸುಮ್ಮನಿದ್ದೆ.”

ಆಕೆಯ ಮೈಮೇಲೆ ಹುಳ ಹರಿದಂತಾಯಿತು. ಎಷ್ಟು ಬೆಳಗುಗಳು ಈ ಮಗು ಉಸಿರು ಬಿಗಿಹಿಡಿದು ಆ ಎಂಜಲಿಗೆ ಕಣ್ಣೊಡ್ಡಿತ್ತೋ! ಆಕೆ ಕಡತ ತೆರೆದಳು. ‘ತೊಳೆಯುವ ವಿಧಾನ ಕಲಿಸಲಾಗಿದೆ’ ಎಂಬ ಸಾಲಿನ ಮುಂದೆ ತನ್ನದೇ ಸಹಿ. ಲೆನ್ಸ್ ಕೊಟ್ಟ ಆ ಶನಿವಾರ ಹೊರಗೆ ಜನ ಕಿಕ್ಕಿರಿದಿದ್ದರು. ಐದು ನಿಮಿಷ ಗಿಣಿಪಾಠ ಒಪ್ಪಿಸಿ, ಅಪ್ಪ ಹೂಂಗುಟ್ಟಿದ್ದನ್ನೇ ಕಲಿತ ಹಾಗೆ ಎಂದುಕೊಂಡಿದ್ದಳು. ಆಮೇಲೂ ಬಂದಾಗಲೆಲ್ಲ ಲೆನ್ಸ್ ತಿರುಗಿದೆಯೋ ಎಂದು ನೋಡಿದಳೇ ಹೊರತು, ಒಂದು ಸಲವೂ ಡಬ್ಬಿ ತರಿಸಿ ನೋಡಿರಲಿಲ್ಲ. ತನ್ನ ಮೇಲೇ ಹೇಸಿಗೆಯಾಯಿತು.

ಕ್ಲಿನಿಕ್ಕಿನ ಡಾಕ್ಟರು ಬಂದು ಯಂತ್ರಕ್ಕೆ ಕಣ್ಣು ಹಚ್ಚಿ ಹುಡುಗಿಯ ಎಡಗಣ್ಣು ನೋಡಿದರು. ಕಪ್ಪುಗುಡ್ಡೆಯ ಅಂಚಿನಲ್ಲಿ ಸಾಸಿವೆಯಷ್ಟು ಬಿಳಿ ಹುಣ್ಣು. ಅದರ ಮಾದರಿ ತೆಗೆದು ಪರೀಕ್ಷೆಗೆ ಕಳಿಸಿ, ಗಂಟೆಗೊಮ್ಮೆ ಹಾಕುವ ಹನಿ ಬರೆದುಕೊಟ್ಟರು. ಹುಡುಗಿ ಹೊರಗೆ ಹೋದ ಮೇಲೆ ದನಿ ತಗ್ಗಿಸಿದರು.

“ಲೆನ್ಸಲ್ಲೇ ಏನೋ ದೋಷ ಇತ್ತು ಅಂತ ಬರೆದ್ಬಿಡಿ. ಆ ಹುಡುಗಿ ಅಪ್ಪನ ಅಣ್ಣನ ಮಕ್ಕಳಿಬ್ರೂ ಲೆನ್ಸಿಗೆ ನಮ್ಮಲ್ಲಿಗೇ ಬರೋರಿದ್ದಾರೆ. ಸುಮ್ನೆ ಯಾಕೆ ಮನಸ್ಸು ಕೆಡಿಸೋದು?” ಎನ್ನುತ್ತ ಸಿಹಿಯಾಗಿ ನಕ್ಕರು.

ಆ ನಗುವಿಗೂ ಡಬ್ಬಿಯ ಲೋಳೆಗೂ ಆಕೆಗೆ ವ್ಯತ್ಯಾಸ ಕಾಣಲಿಲ್ಲ.

“ಲೆನ್ಸಿಗೆ ದೋಷ ಇಲ್ಲ ಸರ್. ನಾನು ಸರಿಯಾಗಿ ಕಲಿಸಿಲ್ಲ, ಅವರು ತೊಳೆದಿಲ್ಲ. ಹಾಗೇ ಬರೀತೀನಿ.”

“ನಿಮ್ಮಿಷ್ಟ,” ಎಂದು ಡಾಕ್ಟರು ಮುಖ ತಿರುಗಿಸಿದರು. ಮುಂದಿನ ಎರಡು ವಾರ ಆಕೆಯೊಡನೆ ಮಾತಾಡಲಿಲ್ಲ. ಆಕೆ ಬರೆದದ್ದನ್ನು ಅಳಿಸಲೂ ಇಲ್ಲ.

ಹುಣ್ಣು ಮಾಯಲು ಮೂರು ವಾರ ಹಿಡಿಯಿತು. ಅಂಚಿನಲ್ಲಿ ತೆಳುವಾದ ಕಲೆ ಉಳಿಯಿತು. ಪುಣ್ಯಕ್ಕೆ ನೋಟಕ್ಕೆ ಅಡ್ಡ ಬರಲಿಲ್ಲ. ನಾಲ್ಕು ತಿಂಗಳು ಮತ್ತೆ ಕನ್ನಡಕ. ಅಷ್ಟರಲ್ಲೇ ನಂಬರ್ ಇನ್ನೊಂದು ಕಾಲು ಏರಿತು.

ಐದನೆಯ ತಿಂಗಳು ಅಪ್ಪ-ಮಗಳು ಹೊಸ ಲೆನ್ಸಿಗೆ ಬಂದರು. ಆಕೆ ಬಾಗಿಲಲ್ಲೇ ಅಪ್ಪನನ್ನು ತಡೆದಳು.

“ಈ ಸಲ ಕಲಿಯೋದು ಇವಳು. ನೀವು ಮುಟ್ಟೋ ಹಾಗಿಲ್ಲ.”

“ನಾನು ಅವಳಪ್ಪ ರೀ!”

“ಅದಕ್ಕೇ ಬೆಂಚ್ ಮೇಲೆ ಕೂರಿಸ್ತಿದ್ದೀನಿ. ಬೇರೆ ಯಾರಾದ್ರೂ ಆಗಿದ್ರೆ ರಸ್ತೆಗೇ ಅಟ್ತಿದ್ದೆ.”

ನಾಲ್ಕು ಶನಿವಾರ, ದಿನಕ್ಕೊಂದೊಂದು ಗಂಟೆ. ಸಾಬೂನು ಹಚ್ಚಿ ಕೈ ತೊಳೆ, ಒರೆಸು, ದ್ರಾವಣದಲ್ಲಿ ಉಜ್ಜು, ಹಾಕು. ಲೆನ್ಸ್ ಕೆನ್ನೆಗೆ ಅಂಟಿತು, ಮಡಿಲಿಗೆ ಬಿತ್ತು, ಒಮ್ಮೆ ಮೂಗಿನ ತುದಿಯಲ್ಲಿ ಕೂತಿತು. ಬಿದ್ದಾಗಲೆಲ್ಲ ಮತ್ತೆ ಮೊದಲಿನಿಂದ. ನಾಲ್ಕನೆಯ ಶನಿವಾರ ಎರಡೂ ಕಣ್ಣಿಗೆ ತಾನೇ ಹಾಕಿಕೊಂಡು, ಗೋಡೆಯ ಮೇಲಿನ ಅಕ್ಷರಗಳನ್ನು ಕೊನೆಯ ಸಾಲಿನವರೆಗೆ ಓದಿದಳು.

ಹೊರಗೆ ಅಪ್ಪನ ಮುಖ ಅರಳಿತು. “ನೋಡಿದ್ರಾ, ನನ್ನ ಮಗಳು! ಹಳೇದೆಲ್ಲ ಮರೆತ್ಬಿಡಿ ಮೇಡಂ,” ಎಂದು ಕೈ ಚಾಚಿದ. ಆಕೆ ಎರಡೂ ಕೈಯನ್ನು ಕೋಟಿನ ಜೇಬಿಗೆ ಇಳಿಸಿದಳು. ಆ ನಾಲಿಗೆ ಇನ್ನೂ ಕಣ್ಣ ಮುಂದೆಯೇ ಇತ್ತು.

ಆಗ ಆತ ಮಗಳ ಕೈಯಲ್ಲಿದ್ದ ಡಬ್ಬಿಯತ್ತ ತಿರುಗಿ, “ಕೊಡು, ನಾನಿಟ್ಕೋತೀನಿ,” ಎಂದ.

ಹುಡುಗಿ ಡಬ್ಬಿಯನ್ನು ತನ್ನ ಚೀಲದೊಳಗೆ ತುರುಕಿ ಜಿಪ್ ಎಳೆದಳು. “ಬೇಡ ಅಪ್ಪಾ,” ಎಂದಳು, ಮೆತ್ತಗೆ.