ಐದಕ್ಕೆ ಐದು

ನಾಗವ್ವನ ಖಾನಾವಳಿಯಲ್ಲಿ ಊಟ ಮಾಡಿದವರು ಯಾರೂ ಐದಕ್ಕಿಂತ ಕಡಿಮೆ ಅಂಕ ಕೊಡಲಿಲ್ಲ. ರುಚಿಗೆ ಐದು, ಬಡಿಸುವ ರೀತಿಗೆ ಐದು, ಸ್ವಚ್ಛತೆಗೆ ಐದು, ಮತ್ತೆ ಇಲ್ಲಿಗೆ ಊಟಕ್ಕೆ ಬರುತ್ತೀರಾ ಎಂಬ ಪ್ರಶ್ನೆಗೂ ಐದು. ಬೇರೆ ಯಾರಾದರೂ ಆಗಿದ್ದರೆ ಕುಣಿದಾಡುತ್ತಿದ್ದರು. ರೇಣು ಮಾತ್ರ ತಾನು ಹಂಚಿದ್ದ ಹಾಳೆಗಳನ್ನು ಒಂದೊಂದಾಗಿ ತಿರುವುತ್ತ, ಎಲ್ಲಾದರೂ ಒಂದು ನಾಲ್ಕು ಸಿಕ್ಕೀತೇ ಎಂದು ಹುಡುಕಿದಳು. ಯಾಕೆಂದರೆ ಆ ಹೊತ್ತಿಗೆ ನಾಗವ್ವನ ಅಡಿಗೆ ಕೆಟ್ಟು ಬಹಳ ದಿನಗಳಾಗಿದ್ದವು, ಅದು ರೇಣುವಿಗೆ ಚೆನ್ನಾಗಿ ಗೊತ್ತಿತ್ತು.

ರೇಣು ಪುಣೆಯ ಒಂದು ಹೋಟೆಲ್ ಮ್ಯಾನೇಜ್‌ಮೆಂಟ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಳು. ನೀರಿನ ಲೋಟ ಯಾವ ಕಡೆ ಇಡಬೇಕು, ಕರವಸ್ತ್ರ ಹೇಗೆ ಮಡಚಬೇಕು, ಬೈಯುವ ಗಿರಾಕಿಯ ಎದುರು ಮುಖ ಗಂಟು ಹಾಕದೆ ಹೇಗೆ ನಿಲ್ಲಬೇಕು ಎಂದೆಲ್ಲ ಹುಡುಗರಿಗೆ ಕಲಿಸುವ ಕೆಲಸ. ಡಾಕ್ಟರೇಟ್ ಆಗದೆ ಆ ಕೆಲಸ ಕಾಯಂ ಆಗುವಂತಿರಲಿಲ್ಲ. ಹಾಗಾಗಿ ಸಂಶೋಧನೆಗೆ ಕೈ ಹಾಕಿದ್ದಳು. ಊರು ಬಿಟ್ಟು ಬಂದವರು ತಮ್ಮ ಕಡೆಯ ಊಟ ಸಿಗುವ ಖಾನಾವಳಿಯನ್ನು ವರ್ಷಗಟ್ಟಲೆ ಯಾಕೆ ಬಿಡುವುದಿಲ್ಲ ಎಂಬುದು ವಿಷಯ. ವಿಶ್ವವಿದ್ಯಾಲಯದ ಭಾಷೆಯಲ್ಲಿ ಇದಕ್ಕೆ ಗ್ರಾಹಕ ನಿಷ್ಠೆ ಎಂದು ಹೆಸರು. ಅಧ್ಯಯನಕ್ಕೆ ದೂರ ಹುಡುಕುವ ಗೋಜೇ ಇರಲಿಲ್ಲ. ಪುಣೆಯ ಯೆರವಡಾದಲ್ಲೇ ಅವಳ ದೊಡ್ಡವ್ವ, ಅಂದರೆ ತಾಯಿಯ ಅಕ್ಕ ನಾಗವ್ವನ ಖಾನಾವಳಿ ಇತ್ತು. ಅದರ ಮೇಲಿನ ಕೋಣೆಯಲ್ಲೇ ಇಬ್ಬರ ವಾಸ. ತಾಯಿ ಸತ್ತ ಮೇಲೆ ರೇಣುವನ್ನು ಸಾಕಿ, ಓದಿಸಿ, ಮನುಷ್ಯಳನ್ನಾಗಿ ಮಾಡಿದ್ದು ಆ ಕೆಳಗಿನ ಒಲೆಯೇ.

ಧಾರವಾಡ, ಬೆಳಗಾವಿ, ಗದಗಿನ ಕಡೆಯಿಂದ ಬಂದ ಗುಮಾಸ್ತರು, ಅಂಗಡಿಯವರು, ಈಚೆಗೆ ಐಟಿ ಪಾರ್ಕಿನ ಹುಡುಗರು, ಎಲ್ಲರಿಗೂ ನಾಗವ್ವನ ಬಿಸಿ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ ಬೇಕು. ನಾಗವ್ವ ಅಡಿಗೆ ಮಾಡುವಾಗ ಒಂದು ಹನಿಯನ್ನೂ ಬಾಯಿಗೆ ಹಾಕಿದವಳಲ್ಲ. ದೇವರಿಗೆ ಎಡೆ ಹಿಡಿಯುವ ಮೊದಲು ರುಚಿ ನೋಡಿದರೆ ಎಂಜಲಾಯಿತು. ಉಪ್ಪಿನ ಅಳತೆ ಕೈಗೆ ಗೊತ್ತು, ಉಳಿದದ್ದು ಮೂಗಿಗೆ ಗೊತ್ತು. ಎಲ್ಲರದೂ ಮುಗಿದು ಪಾತ್ರೆಗಳೆಲ್ಲ ಬಳಿದ ಮೇಲೆ, ಅಡಿಗೆಮನೆಯ ಮೂಲೆಯಲ್ಲಿ ಒಬ್ಬಳೇ ಕೂತು ಉಣ್ಣುವುದು ಅವಳ ರೂಢಿ.

ಹೀಗಿರುವಾಗ ಒಂದು ಕೆಟ್ಟ ಜ್ವರ ಬಂದು ನಾಗವ್ವ ಹಾಸಿಗೆ ಹಿಡಿದಳು. ಎದ್ದು ಮತ್ತೆ ಒಲೆಯ ಮುಂದೆ ನಿಂತಾಗ ರೊಟ್ಟಿ ಬಡಿಯುವ ಸದ್ದು ಮೊದಲಿನದೇ, ಊಟ ಮಾತ್ರ ಮೊದಲಿನದಾಗಿರಲಿಲ್ಲ. ಒಂದು ದಿನ ಸಾರಿಗೆ ಉಪ್ಪು ಎರಡು ಸಲ ಬಿದ್ದಿರುತ್ತಿತ್ತು. ಇನ್ನೊಂದು ದಿನ ಎಣಗಾಯಿ ತಳ ಹತ್ತಿ ಸೀದ ವಾಸನೆ ಬರುತ್ತಿತ್ತು. ಶೇಂಗಾ ಚಟ್ನಿ ಕಮಟಾದರೂ ಅದನ್ನೇ ತಂದು ನೀಡುತ್ತಿದ್ದಳು. ವಯಸ್ಸಾಯಿತು, ಜ್ವರದ ಸುಸ್ತು ಇನ್ನೂ ಇಳಿದಿಲ್ಲ ಎಂದು ರೇಣು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಹೇಳಿಕೊಂಡು, ಕಾಲೇಜಿಗೆ ಹೊರಡುವ ಮುಂಚೆ ಎಂದಿನಂತೆ ಗಿರಾಕಿಗಳಿಗಿಂತ ಮೊದಲೇ ಕೂತು, ತಲೆ ಬಗ್ಗಿಸಿ ಉಂಡಳು.

ನಮ್ಮ ಜನ ಹೀಗೆಯೇ. ರಸ್ತೆಯಲ್ಲಿ ಹೊಂಡ ಬಿದ್ದರೆ ಸರಕಾರವನ್ನು ಬೈಯುತ್ತಾರೆ, ಬಸ್ಸು ತಡವಾದರೆ ಕಂಡಕ್ಟರನ ವಂಶವನ್ನೇ ಜಾಲಾಡುತ್ತಾರೆ, ತಟ್ಟೆಯ ಮುಂದೆ ಕೂತರೆ ಮಾತ್ರ ನಾಲಿಗೆಗೆ ಬೀಗ. ಅನ್ನಕ್ಕೆ ಹೆಸರಿಡಬಾರದು, ಬಡಿಸಿದ್ದನ್ನು ಹಳಿದರೆ ನಾಳೆ ಅನ್ನವೇ ಸಿಗುವುದಿಲ್ಲ ಎಂದು ಹಾಲು ಕುಡಿಯುವಾಗಲೇ ಕಲಿಸಿಬಿಟ್ಟಿರುತ್ತಾರೆ. ಹೊಟ್ಟೆಪಾಡಿಗಾಗಿ ಗಿರಾಕಿಯ ಮನಸ್ಸು ಅಳೆಯಲು ಹೊರಟವಳಿಗೂ ಅದನ್ನೇ ಕಲಿಸಿದ್ದರು. ಕಲಿಸಿದವಳು ನಾಗವ್ವನೇ.

ಅಂಥ ದಿನಗಳಲ್ಲಿ ರೇಣು ತನ್ನ ಪ್ರಶ್ನಾವಳಿ ಹಂಚಿದಳು. ಊಟ ಮುಗಿಸಿ ಕೈ ತೊಳೆದವರು ಹಾಳೆ ಹಿಡಿದು ಪೆನ್ನು ಕೇಳಿದರು. ನಾಗವ್ವ ಸೌಟು ಹಿಡಿದು ಎದುರಿಗೇ ನಿಂತಿದ್ದಳು. ರೇಣು ಅವಳನ್ನು ಒಳಗೆ ಕಳಿಸಿದಳು, ಅಂಕಗಳು ಬದಲಾಗಲಿಲ್ಲ. ಮನೆಗೆ ಒಯ್ದು ತುಂಬಿ ತನ್ನಿರಿ ಎಂದಳು, ಮನೆಯಿಂದಲೂ ಐದೇ ಬಂತು. ಹೆಸರು ಬರೆಯಬೇಡಿ ಎಂದರೆ, ಬರೆಯದಿದ್ದರೆ ಹೇಗೆ ಎಂದು ಪ್ರೀತಿಯಿಂದ ಊರಿನ ಹೆಸರನ್ನೂ ಸೇರಿಸಿ ಬರೆದರು.

ಅವಳ ಸಂಶೋಧನೆಯ ಗೈಡ್ ಅನುಜಾ ಮೇಡಂ ಹಾಳೆಗಳನ್ನು ನೋಡಿ ಕನ್ನಡಕ ತೆಗೆದಿಟ್ಟರು. ಒಂದು ಸುತ್ತಿನಿಂದ ಏನೂ ತಿಳಿಯುವುದಿಲ್ಲ, ಕೆಲವು ತಿಂಗಳು ಬಿಟ್ಟು ಅದೇ ಜನರನ್ನು ಮತ್ತೆ ಕೇಳು, ಎಷ್ಟು ಮಂದಿ ಉಳಿದಿದ್ದಾರೆ ನೋಡೋಣ ಎಂದರು. ಒಂದು ಶರತ್ತನ್ನೂ ಹಾಕಿದರು. ಅಲ್ಲಿಯ ತನಕ ಅಡಿಗೆಯವರು, ಊಟದ ಪದಾರ್ಥಗಳು, ದರ, ಯಾವುದೂ ಬದಲಾಗಕೂಡದು. ಬದಲಾದರೆ ಎರಡು ಸುತ್ತುಗಳನ್ನು ಹೋಲಿಸಲು ಬರುವುದಿಲ್ಲ, ಮೊದಲಿನಿಂದ ಶುರು ಮಾಡಬೇಕಾಗುತ್ತದೆ.

ಅದೇ ವಾರ ನಾಗವ್ವ ಮೆಂತೆಸೊಪ್ಪು ಸೋಸುತ್ತ ಕೇಳಿದಳು.

"ರೇಣು, ಮಂದಿ ಏನಂತ ಬರದಾರ? ನನ್ನ ಅಡಗಿ ಹೆಂಗದ ಅಂತಾರ?"

"ಎಲ್ಲಾರೂ ಐದಕ್ಕ ಐದು ಕೊಟ್ಟಾರ, ದೊಡ್ಡವ್ವ."

"ಒಬ್ಬರೂ ಕಡಿಮಿ ಕೊಟ್ಟಿಲ್ಲಾ?"

"ಒಬ್ಬರೂ ಇಲ್ಲ."

ನಾಗವ್ವ ಸೋಸಿದ ಸೊಪ್ಪನ್ನು ಬುಟ್ಟಿಗೆ ಹಾಕಿದಳು. "ಅಲ್ಲಾ, ಅಡಗಿ ಮಾಡೂ ಕೃಷ್ಣಾಬಾಯಿ ಈಗ ಕೆಲಸಿಲ್ದ ಖಾಲಿ ಅದಾಳಂತ. ಕೈ ಛಲೋ ಅದ ಆಕೀದು. ಒಲಿ ಮುಂದ ಆಕೀನ ಇಟ್ಟು ನಾ ಬರೇ ಬಡಸಾಕ ನಿಂತ್ರ ಹೆಂಗ?"

ಹೂಂ ಎನ್ನುವ ಮಾತು ರೇಣುವಿನ ಬಾಯಿಯವರೆಗೆ ಬಂದಿತ್ತು. ಅಲ್ಲಿಂದ ಹೊರಗೆ ಬಿದ್ದದ್ದು ಬೇರೆ.

"ಈಗ ಬ್ಯಾಡ ದೊಡ್ಡವ್ವ. ನನ್ನ ಪಿಎಚ್‌ಡಿ ಅಭ್ಯಾಸ ಮುಗಿಯೂತನಾ ಹಿಂಗ ಇರಲಿ. ಮಂದಿಗೆ ನಿನ್ನ ಕೈನ ಬೇಕು. ಬರದ ಕೊಟ್ಟಾರಲ್ಲ."

"ಹಂಗಂತಿ?" ನಾಗವ್ವ ಮುಖ ಎತ್ತಿದಳು. ಆ ಮುಖದಲ್ಲಿ ಎಂಥ ನಿರಾಳವಿತ್ತೆಂದರೆ ರೇಣುವಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಹೇಸಿಗೆಯಾದರೂ ಮಾತು ಹಿಂತೆಗೆದುಕೊಳ್ಳಲಿಲ್ಲ.

ಜನ ಒಮ್ಮೆಲೇ ಬಿಡಲಿಲ್ಲ. ಬಿಟ್ಟಿದ್ದರೆ ಎಚ್ಚರವಾದರೂ ಆಗುತ್ತಿತ್ತು. ಒಬ್ಬರಿಗೆ ಡ್ಯೂಟಿ ಬದಲಾಯಿತು, ಇನ್ನೊಬ್ಬರಿಗೆ ಡಾಕ್ಟರು ಪಥ್ಯ ಹೇಳಿದರು, ಐಟಿ ಹುಡುಗರಿಗೆ ಆಫೀಸಿನಲ್ಲೇ ಊಟ ಸಿಗತೊಡಗಿತು. ಎಲ್ಲರೂ ಬಾಗಿಲ ತನಕ ಬಂದು, ಕಾರಣ ಹೇಳಿ, ನಾಗವ್ವನ ಆರೋಗ್ಯ ವಿಚಾರಿಸಿ, ಕೈ ಮುಗಿದು ಹೋದರು. ಇಷ್ಟು ಮರ್ಯಾದೆಯಿಂದ ಒಂದು ಖಾನಾವಳಿಯನ್ನು ಮುಳುಗಿಸಿದ್ದು ಪುಣೆಯಲ್ಲಿ ಬೇರೆಲ್ಲೂ ಇರಲಾರದು.

ಒಂದು ಮಧ್ಯಾಹ್ನ ರೇಣು ಚಪಾತಿ ಪಲ್ಯ ಮಾರುವ ಹತ್ತಿರದ ಪೋಳಿ-ಭಾಜಿ ಅಂಗಡಿಯ ಮುಂದೆ ಹೊಳಬಸಪ್ಪನನ್ನು ಕಂಡಳು. ಟ್ರಾನ್ಸ್‌ಪೋರ್ಟ್ ಕಂಪನಿಯ ಗುಮಾಸ್ತ, ಖಾನಾವಳಿ ಶುರುವಾದಾಗಿನ ಗಿರಾಕಿ. ರಕ್ತದೊತ್ತಡ ಹೆಚ್ಚಾಗಿದೆ, ಮನೆಯಲ್ಲೇ ಗಂಜಿ ಕುಡಿಯುತ್ತೇನೆ ಎಂದು ಹೇಳಿ ಬಿಟ್ಟಿದ್ದ. ಈಗ ನಿಂತಲ್ಲೇ ಬಟಾಟೆ ಭಾಜಿ ಹೊಡೆಯುತ್ತಿದ್ದವನು ಅವಳನ್ನು ನೋಡಿ ತಟ್ಟೆಯನ್ನು ಬೆನ್ನ ಹಿಂದೆ ಹಿಡಿದ.

"ಕಾಕಾ, ನೀವು ಐದಕ್ಕ ಐದು ಬರದು ಕೊಟ್ಟಿದ್ರಿ."

"ಮತ್ತೇನ ಬರೀಲಿ ತಂಗಿ?" ಹೊಳಬಸಪ್ಪನ ಕಣ್ಣಲ್ಲಿ ನೀರೇ ಬಂತು. "ಇಷ್ಟು ವರ್ಷ ಆಕಿ ಕೈಯಾಗ ಉಂಡೀನಿ. ನನ್ನ ಮಗಳ ಲಗ್ನಕ್ಕ ರಾತ್ರೆಲ್ಲಾ ಕುಂತು ರೊಟ್ಟಿ ಬಡದಾಳ. ಉಂಡ ಮನಿಗೆ ಎರಡು ಬಗೀಲೇನು? ಅದೂ ಕಾಗದದ ಮ್ಯಾಲೆ ಬರದು ಕೊಡೂದಂದ್ರ ಸಾಕ್ಷಿ ಹೇಳಿದಂಗ ಆಗತದ."

"ಬರಿಯೂದು ಬ್ಯಾಡ್ರಿ. ಬಾಯಿಲೆ ಹೇಳಬೇಕಿತ್ತಲ್ರಿ."

"ನೀ ಮನಿ ಮಗಳು. ದಿನಾ ಅದನ್ನ ಉಣ್ಣಾಕಿ. ನೀನ ಹೇಳಿಲ್ಲಂದ ಮ್ಯಾಲೆ ನಾ ಯಾರು ಹೇಳಾಕ?"

ರೇಣುವಿಗೆ ಕಪಾಳಕ್ಕೆ ಬಾರಿಸಿದಂತಾಯಿತು. ಇವತ್ತೇ ಹೇಳಿಬಿಡುತ್ತೇನೆ ಎಂದು ಬಿರುಸಾಗಿ ನಡೆದಳು. ಖಾನಾವಳಿಯ ಮೆಟ್ಟಿಲು ಹತ್ತುವಷ್ಟರಲ್ಲಿ ಎರಡನೆಯ ಸುತ್ತು ನೆನಪಾಯಿತು. ಇನ್ನು ಸ್ವಲ್ಪವೇ ದಿನ ಉಳಿದಿತ್ತು. ಅದೊಂದು ಮುಗಿಯಲಿ, ಮರುದಿನವೇ ಹೇಳಿ ಕೃಷ್ಣಾಬಾಯಿಯನ್ನು ಕರೆತರುತ್ತೇನೆ ಎಂದುಕೊಂಡಳು. ಹಾಗೆ ಅಂದುಕೊಂಡದ್ದು ಸ್ವಾರ್ಥ ಎಂಬುದು ಅವಳಿಗೆ ಆಗಲೇ ಗೊತ್ತಿತ್ತು. ಕೆಲಸ ಕಾಯಂ ಆದರೆ ದೊಡ್ಡವ್ವನಿಗೂ ನೆರಳಾಗುತ್ತದೆ ಎಂಬ ಹೊದಿಕೆಯನ್ನು ಅದರ ಮೇಲೆ ಎಳೆದಳು.

ಎರಡನೆಯ ಸುತ್ತಿನಲ್ಲಿ ಅರ್ಧಕ್ಕೂ ಕಡಿಮೆ ಜನ ಉಳಿದಿದ್ದರು. ಉಳಿದವರು ಕೊಟ್ಟದ್ದು ಐದಕ್ಕೆ ಐದು. ಬಿಟ್ಟು ಹೋದವರನ್ನು ಹುಡುಕಿ ಕೇಳಿದರೆ ಅವರೂ ಐದಕ್ಕೆ ಐದು.

ಅನುಜಾ ಮೇಡಂ ಕುರ್ಚಿಯಿಂದ ಎದ್ದೇ ನಿಂತರು. "ಏಕ್‌ದಮ್ ಸುಂದರ್!" ಎಂದರು ಮರಾಠಿಯಲ್ಲಿ. ಇಂಥದ್ದೊಂದು ಕೈಗೆ ಸಿಗಲಿ ಎಂದು ಜನ ವರ್ಷಗಟ್ಟಲೆ ಕಾಯುತ್ತಾರೆ, ತೃಪ್ತಿ ಪೂರ್ತಿ ಇದೆ, ಗಿರಾಕಿ ಇಲ್ಲ, ಹಾಗಿದ್ದರೆ ತೃಪ್ತಿಯನ್ನು ಅಳೆಯುವ ನಮ್ಮ ಪದ್ಧತಿಯೇ ಈ ಜನಕ್ಕೆ ಹೊಂದುವುದಿಲ್ಲ ಎಂದಾಯಿತು, ನಿನ್ನ ಪ್ರಬಂಧ ಗೆದ್ದಿತು ಎಂದು ಅವಳ ಕೈ ಕುಲುಕಿದರು. ಬಳಿಕ ಏನೋ ಹೊಳೆದವರಂತೆ, "ಮುಚ್ಚುವ ತನಕ ನೋಡಿ ಬರೆದರೆ ಇನ್ನೂ ಪೂರ್ಣವಾಗುತ್ತದೆ" ಎಂದರು. ಅವರು ಕೆಟ್ಟವರಲ್ಲ. ಆ ಖಾನಾವಳಿ ರೇಣುವಿನ ಮನೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಸಂಶೋಧಕಿಗೆ ಅಲ್ಲಿ ಸಂಬಂಧವಿದೆ ಎಂದರೆ ಅಧ್ಯಯನ ತಳ್ಳಿಹಾಕುತ್ತಾರೆ ಎಂಬ ಹೆದರಿಕೆಯಿಂದ ರೇಣುವೇ ಬಾಯಿ ಬಿಟ್ಟಿರಲಿಲ್ಲ.

ಅಲ್ಲಿಂದ ಅವಳು ನೇರವಾಗಿ ಹೋದದ್ದು ಕೃಷ್ಣಾಬಾಯಿಯ ಮನೆಗೆ. ಕೃಷ್ಣಾಬಾಯಿ ಐಟಿ ಪಾರ್ಕಿನ ಕ್ಯಾಂಟೀನಿಗೆ ಸೇರಿ ಬಹಳ ದಿನಗಳಾಗಿದ್ದವು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ, ಹಾಗಾಯಿತು.

ಖಾನಾವಳಿಗೆ ಬಂದರೆ ಊಟದ ಹೊತ್ತಾಗಿದ್ದರೂ ಒಬ್ಬ ಗಿರಾಕಿಯೂ ಇರಲಿಲ್ಲ. ಬೆಂಚುಗಳನ್ನು ಗೋಡೆಗೆ ಒರಗಿಸಿಟ್ಟಿತ್ತು. ನಾಗವ್ವ ಒಳಗೆ ದೊಡ್ಡ ಪಾತ್ರೆಗಳನ್ನು ಬೂದಿ ಹಚ್ಚಿ ತಿಕ್ಕುತ್ತಿದ್ದಳು. ನಾಳೆಯಿಂದ ಒಲೆ ಹಚ್ಚುವುದಿಲ್ಲ, ಪಾತ್ರೆ ಕೊಳ್ಳುವವನಿಗೆ ಹೇಳಿಕಳಿಸಿದ್ದೇನೆ ಎಂದು ತಲೆ ಎತ್ತದೆಯೇ ಹೇಳಿದಳು.

ರೇಣು ಅವಳ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು.

"ಐದಕ್ಕ ಐದು ಕೊಟ್ಟ ಮಂದಿ ಎಲ್ಲಿ ಹ್ವಾದ್ರು ರೇಣು?" ನಾಗವ್ವನ ದನಿಯಲ್ಲಿ ಸಿಟ್ಟಿರಲಿಲ್ಲ. "ನೀ ಓದಿದಾಕಿ. ಇದೊಂದು ತಿಳಿಸಿ ಹೇಳು ನನಗ."

"ಅಡಗಿ ಕೆಟ್ಟಿತ್ತು ದೊಡ್ಡವ್ವ."

ಅಷ್ಟು ದಿನ ಗಂಟಲಲ್ಲಿ ಕೂತದ್ದು ಎಷ್ಟು ಸುಲಭವಾಗಿ ಹೊರಬಂತು ಎಂದರೆ ರೇಣುವಿಗೇ ದಿಗಿಲಾಯಿತು. "ಉಪ್ಪು ಹೆಚ್ಚಾಗತಿತ್ತು. ಪಲ್ಯ ತಳ ಹತ್ತತಿತ್ತು. ಚಟ್ನಿ ಕಮಟಾಗಿರತಿತ್ತು."

"ಯಾವಾಗಿಂದ?"

"ಜ್ವರಾ ಬಂದು ಹೋದಾಗಿಂದ."

ನಾಗವ್ವ ತಿಕ್ಕುವುದನ್ನು ನಿಲ್ಲಿಸಿದಳು. ಬಹಳ ದಿನದಿಂದ ಕಾಯುತ್ತಿದ್ದ ಕೆಟ್ಟ ಸುದ್ದಿ ಕೊನೆಗೂ ಬಂತು ಎನ್ನುವವರಂತೆ ತಲೆಯಾಡಿಸಿದಳು.

"ಆ ಜ್ವರದಾಗ ನನ್ನ ಮೂಗು ಹೋತು, ನಾಲಿಗೀನೂ ಹೋತು. ಬೆಲ್ಲ ತಿಂದ್ರೂ ಮಣ್ಣು, ಮೆಣಸಿನಕಾಯಿ ತಿಂದ್ರೂ ಮಣ್ಣು. ಇವತ್ತಿಗೂ ಹಂಗ ಅದ. ಉಪ್ಪು ಬಿತ್ತೋ ಇಲ್ಲೋ ಅಂತ ಅನಮಾನ ಬಂದ್ರ ತಿಳಕೊಳ್ಳಾಕ ದಾರಿನ ಇರಲಿಲ್ಲ."

"ದೊಡ್ಡವ್ವ! ನನಗರ ಯಾಕ ಹೇಳಲಿಲ್ಲ?"

"ಅಂಜಿದೆ. ಅಡಗಿ ಮಾಡಾಕಿಗೆ ನಾಲಿಗಿ ಇಲ್ಲಂದ್ರ ಯಾರು ಬರತಾರ? ಅದಕ್ಕ ಕೃಷ್ಣಾಬಾಯಿನ ಇಡೂಣೇನ ಅಂತ ನಿನ್ನ ಕೇಳಿದೆ. ನೀ ಬ್ಯಾಡಂದಿ. ಹಂಗಾರ ಕೈ ಬರೋಬ್ಬರಿ ಅದ, ಬಾಯಿ ಅಷ್ಟ ಕೆಟ್ಟದ ಅಂದ್ಕೊಂಡೆ."

"ಮಂದಿ ಐದು ಕೊಟ್ಟಾರಂತ ನಾನ ಹೇಳಿದೆ." ರೇಣು ಬೂದಿ ಹಚ್ಚಿದ ಪಾತ್ರೆಯೊಂದನ್ನು ತನ್ನ ಕಡೆ ಎಳೆದುಕೊಂಡಳು. "ಆ ಸುಳ್ಳ ಅಂಕಾ ನಂಬಿ ನೀ ಕೆಟ್ಟಿ."

"ಹುಚ್ಚಿ, ಮಂದಿ ಕೊಡೂ ಅಂಕಾ ಯಾರು ನಂಬತಾರ?" ನಾಗವ್ವ ಬೂದಿಯ ಕೈಯನ್ನು ನೀರಿಗೆ ಅದ್ದಿದಳು. "ಮಂದಿ ಮುಂದೊಂದು ಹಿಂದೊಂದು ಇರತಾರ, ನಾ ಕಾಣದಾಕಿ ಅಲ್ಲ. ನಾ ನೋಡತಿದ್ದದ್ದು ನಿನ್ನ ತಾಟು. ದಿನಾ ಬಾಗಿಲ ಮರಿಗೆ ನಿಂತು ನೋಡತಿದ್ದೆ. ಒಂದು ಅಗಳೂ ಬಿಡತಿರಲಿಲ್ಲ ನೀ. ರೇಣು ಉಂಡಾಳಂದ್ರ ಛಲೋ ಆಗೇದ ಅಂತ ಧೈರ್ಯಾ ಮಾಡಿ ಹೊರಗ ಬಡಸತಿದ್ದೆ."

ನಾಗವ್ವ ತೊಳೆದ ಪಾತ್ರೆಗಳನ್ನು ಒಂದೊಂದಾಗಿ ಬೋರಲು ಹಾಕಿ, ಸೆರಗಿನಿಂದ ಕೈ ಒರೆಸಿಕೊಂಡು, ಕೊಳ್ಳುವವನು ಬಂದನೇನೋ ಎಂದು ಹೊರಗೆ ಹೋದಳು.